ಜೀನ್ ರಿಪೋರ್ಟಿಗೆ ಮುಂಚೆ ಸೋದರತ್ತೆಗೊಂದು ಫೋನ್



ಎಂಜಲು ತುಂಬಿದ ಟ್ಯೂಬನ್ನು ಪೋಸ್ಟಿನಲ್ಲಿ ಕಳಿಸಿ ಜೀನ್ ರಿಪೋರ್ಟ್ ತರಿಸುವುದು ಇಲ್ಲಿ ಅಮೆರಿಕದಲ್ಲಿ ನಮ್ಮವರಿಗೂ ರೂಢಿಯಾಗಿದೆ. ಅದರಲ್ಲಿ ಎಂ.ಟಿ.ಎಚ್.ಎಫ್.ಆರ್. ಎಂಬ ಜೀನಿನ ಮುಂದೆ ಕೆಂಪು ಗುರುತು ಕಂಡರೆ ಗಾಬರಿ ಶುರು, ಹಿಂದೆಯೇ ದುಬಾರಿ ವಿಟಮಿನ್ ಡಬ್ಬ. ನಾನು ಡಾಕ್ಟರಲ್ಲ, ಕೋಡ್ ಬರೆಯುವವನು. ಆದರೂ ಕರುಳಿನ ಕ್ಯಾನ್ಸರ್ ಬಗ್ಗೆ ಓದಿದಷ್ಟೂ, ನಾವು ಹುಡುಕುತ್ತಿರುವ ಜಾಗವೇ ಬೇರೆ ಅನ್ನಿಸುತ್ತಿದೆ.

ಸೊಪ್ಪು, ಬೇಳೆಗಳಲ್ಲಿ ಫೋಲೇಟ್ ಎಂಬ ಬಿ ವಿಟಮಿನ್ ಇರುತ್ತದಲ್ಲ, ಅದನ್ನು ದೇಹ ಬಳಸಿಕೊಳ್ಳಲು ಬೇಕಾದ ಕಿಣ್ವವೊಂದನ್ನು ತಯಾರಿಸುವುದು ಈ ಜೀನಿನ ಕೆಲಸ. ಇದರ 677ನೇ ಜಾಗದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಆ ಬದಲಾವಣೆ ಅಪ್ಪ-ಅಮ್ಮ ಇಬ್ಬರಿಂದಲೂ ಬಂದಿದ್ದರೆ ಕಿಣ್ವ ಮಂದವಾಗುತ್ತದೆ. ತಮಾಷೆಯೆಂದರೆ, ಅಮೆರಿಕದ ವೈದ್ಯರನ್ನೇ ವರ್ಷಗಟ್ಟಲೆ ಗಮನಿಸಿ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥವರಿಗೆ ಕರುಳಿನ ಕ್ಯಾನ್ಸರ್ ಕಡಿಮೆಯೇ ಕಂಡುಬಂತು! ಫೋಲೇಟ್ ಕಿಣ್ವದಲ್ಲಿ ಖರ್ಚಾಗದೆ ಉಳಿದು, ಹೊಸ ಡಿ.ಎನ್.ಎ. ಕಟ್ಟಲು ಒದಗುತ್ತದೆ ಎಂಬುದು ವಿವರಣೆ. ಆದರೆ ಫೋಲೇಟ್ ಕೊರತೆಯಿದ್ದರೆ, ಇಲ್ಲವೇ ಕುಡಿತ ಹೆಚ್ಚಾದರೆ ಆ ಲಾಭ ಕೈತಪ್ಪುತ್ತದೆ. ಅಂದರೆ ಕೆಂಪು ಗುರುತಿಗಿಂತ ತಟ್ಟೆ, ಲೋಟಗಳ ಮಾತೇ ದೊಡ್ಡದು.

ಕರಿದ ಕಪ್ಪು ಮಾಂಸದ ವಿಷ ಮತ್ತು ಎನ್.ಎ.ಟಿ.2 ಜೀನಿನ ಕಥೆಯೂ ಹೀಗೇ. ಒಂದು ಅಧ್ಯಯನ ಹೌದೆಂದರೆ ಇನ್ನೊಂದು ಅಲ್ಲ ಎನ್ನುತ್ತದೆ.

ನಿಜವಾಗಿ ಹೆದರಬೇಕಾದದ್ದು ಬೇರೆ ಜೀನುಗಳಿಗೆ. ಡಿ.ಎನ್.ಎ. ನಕಲಾಗುವಾಗ ಆಗುವ ತಪ್ಪುಗಳನ್ನು ತಿದ್ದುವ ಎಂ.ಎಲ್.ಎಚ್.1, ಎಂ.ಎಸ್.ಎಚ್.2 ಮುಂತಾದವು ಕೆಟ್ಟರೆ ಅದು ಲಿಂಚ್ ಸಿಂಡ್ರೋಮ್. (ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಗ್ ಹಿಡಿಯುವ ಪ್ರೋಗ್ರಾಮಿನಲ್ಲೇ ಬಗ್.) ಸುಮಾರು 300 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆಂದು ಅಂದಾಜು, ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಅರ್ಧಕ್ಕರ್ಧ. ಅಗ್ಗದ ರಿಪೋರ್ಟುಗಳಲ್ಲಿ ಬಹುಪಾಲು ಈ ಜೀನುಗಳನ್ನು ಪೂರ್ತಿ ಓದುವುದೇ ಇಲ್ಲ.

ಇದರ ಮೊದಲ ಸುಳಿವು ಸಿಗುವುದು ಮನೆತನದ ಕಥೆಯಲ್ಲಿ. ನಮ್ಮಲ್ಲಿ ಆ ಕಥೆ ಹೇಗಿರುತ್ತದೆ? "ತಾತ ಹೊಟ್ಟೆನೋವಿನಲ್ಲಿ ಹೋದರು." "ದೊಡ್ಡಪ್ಪನಿಗೆ ಮೂಲವ್ಯಾಧಿಯಿತ್ತು, ರಕ್ತ ಹೋಗುತ್ತಿತ್ತು." ಕ್ಯಾನ್ಸರ್ ಎಂಬ ಶಬ್ದವನ್ನು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ, ಹೆಣ್ಣು ಕೊಡುವ-ತರುವ ಲೆಕ್ಕಾಚಾರವೂ ಇರುತ್ತದೆ. ಹಾಗಾಗಿ ಇಲ್ಲಿ ಕ್ಲಿನಿಕ್ಕಿನ ಫಾರಂನಲ್ಲಿ ಕುಟುಂಬದ ಕಾಯಿಲೆಗಳ ಕಾಲಮ್ಮಿಗೆ "ಇಲ್ಲ" ಎಂದು ಗೀಚಿ ಮುಂದೆ ಹೋಗುತ್ತೇವೆ.

ಆ ಒಂದು ಶಬ್ದದಿಂದ ವರ್ಷಗಳೇ ಕೈಬಿಡಬಹುದು. ಅಮೆರಿಕದಲ್ಲಿ 2021ರಿಂದ ಸಾಮಾನ್ಯ ತಪಾಸಣೆ 45ಕ್ಕೆ ಶುರು. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ಕ್ಯಾನ್ಸರ್ ಬಂದಿದ್ದರೆ 40ಕ್ಕೇ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಅದು. ಲಿಂಚ್ ಇದ್ದವರಿಗೆ ಇಪ್ಪತ್ತರ ಹರೆಯದಲ್ಲೇ ಕೋಲೊನೋಸ್ಕೋಪಿ ಆರಂಭವಾಗುವುದುಂಟು.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಸೋದರತ್ತೆಯನ್ನೋ ಚಿಕ್ಕಮ್ಮನನ್ನೋ ಕೇಳಿ: ಯಾರಿಗೆ, ಯಾವ ಅಂಗಕ್ಕೆ, ಎಷ್ಟನೇ ವಯಸ್ಸಿನಲ್ಲಿ? ಗರ್ಭಕೋಶದ ಕ್ಯಾನ್ಸರನ್ನೂ ಮರೆಯದೆ ಕೇಳಿ. ಲಿಂಚ್ ಇರುವ ಹೆಂಗಸರಲ್ಲಿ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಅದೇ.