ಬೋರ್ಡು ಓದಲಾರದ ಅಜ್ಜಿ

ಹೆಬ್ಬಾಳದ ಬಸ್ ನಿಲ್ದಾಣದಲ್ಲಿ ಅಮೃತಹಳ್ಳಿಯ ಅಜ್ಜಿಯೊಬ್ಬರು ಪಕ್ಕದ ಹುಡುಗಿಯನ್ನು ಕೇಳುತ್ತಿದ್ದರು: "ಯಲಹಂಕದ ಕಡೆಗೆ ಹೋಗ್ತದೇನವ್ವಾ ಇದು?" ಹುಡುಗಿಯ ಕಿವಿಯಲ್ಲಿ ಇಯರ್‌ಫೋನು. ಬಸ್ಸು ಹೊರಟೇ ಹೋಯಿತು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಂಗಸರ ಟಿಕೆಟ್ ಕಾಸು ಉಳಿಸಿದೆ, ಬೋರ್ಡು ಓದುವ ಕಷ್ಟ ಹಾಗೇ ಇದೆ. ಹೀಗೆ ನಾಲ್ಕು ಸಲ ಆದರೆ ಯಾರಿಗಾದರೂ "ಯಾಕೆ ಬೇಕು ಬಿಡು" ಅನ್ನಿಸುತ್ತದೆ. ತಂಗಿಯ ಮನೆ, ಜಾತ್ರೆ, ಆಸ್ಪತ್ರೆ ಒಂದೊಂದಾಗಿ ದೂರವಾಗುತ್ತವೆ. ಓದಿಗೂ ಮುಪ್ಪಿನ ಖಿನ್ನತೆಗೂ ಇರುವ ನಂಟು ನನಗೆ ಕಾಣುವುದು ಇಲ್ಲಿಯೇ.

ಕಡಿಮೆ ಓದಿದ ವೃದ್ಧರಲ್ಲಿ ಖಿನ್ನತೆ ಹೆಚ್ಚು ಎಂದು ಸಮೀಕ್ಷೆಗಳು ಹೇಳುತ್ತವೆ. ಹಾಗೆಂದು ಓದಿದವರ ಮನಸ್ಸೇ ಗಟ್ಟಿ ಎನ್ನುವುದನ್ನು ನಾನು ಒಪ್ಪಲಾರೆ. ಓದಿನ ಹಿಂದೆ ಪಿಂಚಣಿ ಬರುತ್ತದೆ, ಯಾರನ್ನೂ ಅಂಗಲಾಚದೆ ಬ್ಯಾಂಕಿನ ಚಲನ್ ತುಂಬುವ ಧೈರ್ಯ ಬರುತ್ತದೆ. ಮುದುಕರನ್ನು ಕಾಯುವುದು ಅವು. 1951ರ ಜನಗಣತಿಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಒಂಬತ್ತೂ ಇರಲಿಲ್ಲ. ಅಂಥ ಕಾಲದಲ್ಲಿ ಹುಟ್ಟಿದವರು ಶಾಲೆಗೆ ಹೋಗದಿದ್ದುದು ಅವರ ತಪ್ಪಲ್ಲ.

ಈ ಖಿನ್ನತೆಯ ಹಿನ್ನೆಲೆ ಎಂದರೆ ಓದು, ಬಡತನ ಮಾತ್ರವೂ ಅಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬಳ್ಳಾರಿ ರಸ್ತೆಯ ಆಚೀಚೆ ನೆಲದ ಬೆಲೆ ಏರಿತು, ಹೊಲಗಳು ಬಡಾವಣೆಗಳಾದವು. ಹೊಲ ಮಾರಿದ ಮನೆಗಳಿಗೆ ಬಾಡಿಗೆ ಬರುತ್ತದೆ, ಊಟಕ್ಕೆ ಕೊರತೆಯಿಲ್ಲ. ಆದರೆ ಮೋಡ ನೋಡಿ ಬಿತ್ತನೆ ಹೇಳುತ್ತಿದ್ದ ಯಜಮಾನರನ್ನು ಈಗ ಯಾರೂ ಏನೂ ಕೇಳುವುದಿಲ್ಲ. ಅವರ ವಿದ್ಯೆಯೆಲ್ಲ ಆ ಹೊಲದಲ್ಲಿತ್ತು. ಹೊಲದ ಜೊತೆ ಅದೂ ಹೋಯಿತು. ನಿವೃತ್ತ ಅಧಿಕಾರಿಯ ಕೈಯಲ್ಲಿ ಪತ್ರಿಕೆಯಾದರೂ ಉಳಿದಿರುತ್ತದೆ, ಇವರಿಗೆ ಜಗಲಿ ಮಾತ್ರ.

ಈ ನೋವು ಲೆಕ್ಕಕ್ಕೂ ಸಿಗುವುದಿಲ್ಲ. 2017–18ರಲ್ಲಿ ವಯಸ್ಸಾಗುತ್ತಿರುವವರ ಕುರಿತು ದೇಶದಾದ್ಯಂತ ನಡೆದ ಲಾಸಿ ಸಮೀಕ್ಷೆಯಲ್ಲಿ, 60 ದಾಟಿದವರಲ್ಲಿ ಶೇ. 8.3ರಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳು ಕಂಡವು. ತಮಗೆ ಖಿನ್ನತೆ ಇದೆಯೆಂದು ವೈದ್ಯರು ಹೇಳಿದ್ದಾರೆ ಎಂದವರು ಶೇ. 0.8 ಮಾತ್ರ. ಉಳಿದವರು "ಎದೆ ಭಾರ, ಊಟ ಸೇರಲ್ಲ, ನಿದ್ದೆ ಬರಲ್ಲ" ಎನ್ನುತ್ತಾರೆ. ಬಹಳ ಸಲ ಗ್ಯಾಸಿನ ಮಾತ್ರೆ ಸಿಗುತ್ತದೆ.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಫಾರಂ ತುಂಬಬೇಕಿಲ್ಲ. ಆದರೂ ಆ ಸಂಖ್ಯೆ ಒತ್ತಿಕೊಡಲು ಮನೆಯಲ್ಲಿ ಒಬ್ಬರು ಬೇಕು. ಅದಕ್ಕೂ ಮೊದಲು, ಬಿ.ಪಿ. ನೋಡುವ ವೈದ್ಯರು ಪಟ್ಟಿ ಬಿಚ್ಚುತ್ತಾ ಒಂದು ಮಾತು ಕೇಳಲಿ: "ಅಜ್ಜೀ, ಮನೆಯಿಂದ ಆಚೆ ಹೋಗಿ ಎಷ್ಟು ದಿನ ಆಯ್ತು?"