ಹಾಡು ಉಳಿಯಿತು, ಹೆಸರು ಹೋಯಿತು

ಹಳೆಯ ಕ್ಯಾಸೆಟ್ಟುಗಳ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಬಗೆಯನ್ನು ಕಳೆದ ಸಂಚಿಕೆಯಲ್ಲಿ ಬರೆದಿದ್ದೆನಷ್ಟೆ. ಅದನ್ನು ಓದಿದ ನಮ್ಮ ಸಂಘದ ಹಿರಿಯರೊಬ್ಬರು ದಾದರ್ ಸ್ಟೇಷನ್ನಿನ ಸೇತುವೆಯ ಮೇಲೆ ನನ್ನನ್ನು ತಡೆದು ನಿಲ್ಲಿಸಿ, “ಇಳಿಸಿದ್ದಾಯಿತು ಮಾರಾಯರೆ, ಇನ್ನು ಉಳಿಸಿಕೊಳ್ಳುವ ಉಪಾಯ ಹೇಳಿ” ಎಂದರು. ಸಂಜೆ ಆರು ಗಂಟೆಯ ನೂಕುನುಗ್ಗಲಿನಲ್ಲಿ ನಿಂತು ಹೇಳುವ ಮಾತಲ್ಲ. “ಮುಂದಿನ ಸಂಚಿಕೆಯಲ್ಲಿ ನೋಡಿ” ಎಂದು ತಪ್ಪಿಸಿಕೊಂಡೆ. ತಪ್ಪಿಸಿಕೊಳ್ಳಲು ಬೇರೆ ಕಾರಣವೂ ಇತ್ತು. ಆ ವಾರವೇ ನಾನು ಕೈಯಾರೆ ಒಂದು ಅನಾಹುತ ಮಾಡಿಕೊಂಡು ಕುಳಿತಿದ್ದೆ.

ಡೊಂಬಿವಲಿಯ ನಮ್ಮ ಮನೆಯಲ್ಲಿ ಟಿ.ವಿ.ಯ ಹಿಂದೆ ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರಿದೆ. ಅದಕ್ಕೆ ಜೋಡಿಸಿದ ಒಂದು ಹೊರಗಿನ ಡಿಸ್ಕು. ಅದರಲ್ಲಿ ಮೀಡಿಯಾ ಸರ್ವರ್ ಎಂಬ ತಂತ್ರಾಂಶ ಹಗಲಿರುಳು ಓಡುತ್ತಿರುತ್ತದೆ. ಮನೆಯ ಹಾಡು, ಚಿತ್ರ, ವಿಡಿಯೋಗಳನ್ನು ಒಂದೆಡೆ ಜೋಡಿಸಿಟ್ಟುಕೊಂಡು, ಟಿ.ವಿ.ಯಲ್ಲಿ ಕೇಳಿದವರಿಗೆ ಟಿ.ವಿ.ಗೆ, ಮೊಬೈಲಿನಲ್ಲಿ ಕೇಳಿದವರಿಗೆ ಮೊಬೈಲಿಗೆ ಬಡಿಸುವ ಅಡಿಗೆಯ ಭಟ್ಟನೆನ್ನಿ. ಅದರಲ್ಲಿ ನನಗೆ ಮುಖ್ಯವಾದವು 41 ಹಾಡುಗಳು. 1984ರಲ್ಲಿ ಶಿರಸಿಯ ಕಡೆಯ ನಮ್ಮ ಊರಿನಲ್ಲಿ ಅಕ್ಕನ ಮದುವೆಯಾದಾಗ ಹೆಂಗಸರು ಹಾಡಿದ ಹಸೆಯ ಹಾಡು, ಆರತಿಯ ಹಾಡು, ಬೀಗರನ್ನು ಕೆಣಕುವ ಹಾಡು. ಕ್ಯಾಸೆಟ್ಟಿನ ಮೇಲೆ ಯಾರೂ ಏನೂ ಬರೆದಿಟ್ಟಿರಲಿಲ್ಲ.

ಮೂರು ವರ್ಷದ ಹಿಂದೆ ನಮ್ಮ ಸೋದರತ್ತೆ ಬಂದು ಹದಿನೈದು ದಿನ ಇದ್ದರು. ಮಧ್ಯಾಹ್ನದ ಊಟವಾದ ಮೇಲೆ ಒಂದೊಂದೇ ಹಾಡು ಹಾಕಿ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿ, “ಇದು ಕೆಳಗಿನಮನೆ ದೊಡ್ಡಮ್ಮನ ದನಿ, ಹಿಂದಿನಿಂದ ಸೊಲ್ಲು ಎತ್ತುವವಳು ನಿನ್ನ ಆಯಿ” ಎನ್ನುವರು. ನಾನು ಸರ್ವರಿನ ಪುಟ ತೆರೆದು ಹಾಡಿನ ಹೆಸರು, ಹಾಡಿದವರು, ಯಾವ ಶಾಸ್ತ್ರದ ಹಾಡು ಎಂಬುದನ್ನೆಲ್ಲ ಕನ್ನಡದಲ್ಲೇ ಟೈಪು ಮಾಡಿದೆ. ಆ ಮಳೆಗಾಲದಲ್ಲಿಯೇ ಅತ್ತೆ ತೀರಿಕೊಂಡರು.

ಇತ್ತೀಚೆಗೆ ಪುಟ್ಟ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಹಳತಾಯಿತೆಂದು ಹೊಸ ಆವೃತ್ತಿಯನ್ನು ಹಾಕಲು ಕುಳಿತೆ. ಬಹಳ ಜಾಣತನದಿಂದ ಮೊದಲು ಹೊರಗಿನ ಡಿಸ್ಕನ್ನು ಕಳಚಿಟ್ಟೆ. ಹಾಡುಗಳಿರುವುದು ಅದರಲ್ಲಿ ತಾನೆ! ಆಮೇಲೆ ಒಳಗಿನ ಮೆಮೊರಿ ಕಾರ್ಡನ್ನು ಅಳಿಸಿ ಹೊಸದನ್ನು ಬರೆದೆ. ಸರ್ವರನ್ನು ಮತ್ತೆ ಹಾಕಿ ಡಿಸ್ಕು ಜೋಡಿಸಿದಾಗ 41 ಹಾಡುಗಳೂ ಬಂದವು. ಆದರೆ ಟ್ರ್ಯಾಕ್ 1, ಟ್ರ್ಯಾಕ್ 2 ಎಂದು ಅನಾಥರಂತೆ ಸಾಲಾಗಿ ನಿಂತಿದ್ದವು. ದೊಡ್ಡಮ್ಮನೂ ಇಲ್ಲ, ಆಯಿಯೂ ಇಲ್ಲ.

ಪರದೆಯ ಮೇಲೆ ಹಾಡಿಗೆ ಅಂಟಿಕೊಂಡಂತೆ ಕಾಣುತ್ತಿದ್ದ ಹೆಸರು ನಿಜವಾಗಿ ಹಾಡಿನಲ್ಲಿರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಅಕ್ಕಿ ಚೀಲ ಉಗ್ರಾಣದಲ್ಲಿರುತ್ತದೆ, ಯಾರ ಅಕ್ಕಿ, ಎಂದು ಬಂದದ್ದು ಎಂಬುದು ಗಲ್ಲದ ಹತ್ತಿರದ ಖಾತೆ ಪುಸ್ತಕದಲ್ಲಿರುತ್ತದೆ. ಸರ್ವರೂ ಹಾಗೆಯೇ. ನಾವು ಟೈಪು ಮಾಡಿದ ಹೆಸರು, ಮನೆಯವರ ಖಾತೆಗಳು, ಯಾರು ಯಾವುದನ್ನು ಎಲ್ಲಿಯವರೆಗೆ ನೋಡಿದರೆಂಬ ಗುರುತು, ಎಲ್ಲವನ್ನೂ ಅದು ತನ್ನದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಆ ಪುಸ್ತಕ ಇರುವುದು ವ್ಯವಸ್ಥೆಯ ಕಾರ್ಡಿನಲ್ಲಿ. ನಾನು ಉಗ್ರಾಣಕ್ಕೆ ಬೀಗ ಹಾಕಿ ಖಾತೆ ಪುಸ್ತಕವನ್ನು ಒಲೆಗೆ ಹಾಕಿದ್ದೆ.

ಎಲ್ಲ ನವೀಕರಣವೂ ಹೀಗೆ ಮಾಡುವುದಿಲ್ಲ. ಡೆಬಿಯನ್, ಉಬುಂಟು ಮನೆತನದ ವ್ಯವಸ್ಥೆಗಳಲ್ಲಿ ದಿನನಿತ್ಯದ ನವೀಕರಣ ಪುಸ್ತಕವನ್ನು ಮುಟ್ಟದು. ನಾವು ತಿದ್ದಿದ ಸಂರಚನೆಯ ಫೈಲಿಗೆ ಹೊಸ ರೂಪ ಬಂದಿದ್ದರೆ, ನಿಮ್ಮದನ್ನೇ ಇಟ್ಟುಕೊಳ್ಳಲೋ ಹೊಸದನ್ನು ಹಾಕಲೋ ಎಂದು ಕೇಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ನಿಮ್ಮದೇ ಉಳಿಯುತ್ತದೆ. ಅವಸರದಲ್ಲಿ ‘ವೈ’ ಒತ್ತುವವರೇ ಕೆಡುವುದು. ಭಯವಿರುವುದು ಕಾರ್ಡನ್ನೇ ಅಳಿಸಿ ಹೊಸದಾಗಿ ಹಾಕುವ ಕೆಲಸದಲ್ಲಿ.

ಪುಸ್ತಕ ಎಲ್ಲಿದೆಯೆಂದು ಮೊದಲು ಹುಡುಕಿಕೊಳ್ಳಿ. 2018ರ ಡಿಸೆಂಬರಿನಲ್ಲಿ ಹುಟ್ಟಿದ, ಬಿಟ್ಟಿಯಾಗಿ ದೊರೆಯುವ ಜೆಲ್ಲಿಫಿನ್ ಸರ್ವರನ್ನು ನಮ್ಮವರು ಹಲವರು ಬಳಸುತ್ತಾರೆ. ಡೆಬಿಯನ್ ಮನೆತನದಲ್ಲಿ ಅದರ ಪುಸ್ತಕ ಎರಡು ಕಡೆ ಇರುತ್ತದೆ: ‘ಇ-ಟಿ-ಸಿ’ ಎಂಬ ಫೋಲ್ಡರಿನಲ್ಲಿ ಒಂದು ಭಾಗ, ‘ವಾರ್’ ಎಂಬುದರೊಳಗಿನ ‘ಲಿಬ್’ನಲ್ಲಿ ಇನ್ನೊಂದು. ಎರಡರಲ್ಲಿಯೂ ಜೆಲ್ಲಿಫಿನ್ ಎಂಬ ಹೆಸರಿನ ಫೋಲ್ಡರು ಕಾಣುತ್ತದೆ. ಎರಡನ್ನೂ ತೆಗೆದುಕೊಳ್ಳಬೇಕು. ವಿಂಡೋಸಿನಲ್ಲಿ ಅದು ಸಿ ಡ್ರೈವಿನ ಪ್ರೋಗ್ರಾಂಡೇಟಾ ಎಂಬ ಅಡಗಿರುವ ಫೋಲ್ಡರಿನಲ್ಲಿದೆ. ಪ್ಲೆಕ್ಸ್ ಬಳಸುವವರು ವಿಂಡೋಸಿನಲ್ಲಿದ್ದರೆ ಫೋಲ್ಡರೊಂದೇ ಸಾಲದು. ಕೆಲವು ಸೆಟ್ಟಿಂಗುಗಳು ರಿಜಿಸ್ಟ್ರಿಯಲ್ಲಿರುತ್ತವೆ, ಅದನ್ನೂ ಪ್ರತಿ ಮಾಡಿಕೊಳ್ಳಬೇಕು.

ಪ್ರತಿ ಮಾಡುವ ಮೊದಲು ಸರ್ವರನ್ನು ನಿಲ್ಲಿಸಿ. ಗುಮಾಸ್ತ ಬರೆಯುತ್ತಿರುವಾಗಲೇ ಪುಟದ ನಕಲು ತೆಗೆದರೆ ಅರ್ಧ ಸಾಲು ಬಂದೀತು. ಅಂಥ ನಕಲು ಆಮೇಲೆ ತೆರೆಯದೆಯೂ ಹೋಗಬಹುದು. ಸರ್ವರಿನ ಆವೃತ್ತಿಯ ಸಂಖ್ಯೆಯನ್ನು ಕಾಗದದಲ್ಲಿ ಬರೆದಿಡಿ. ಹೊಸ ವ್ಯವಸ್ಥೆಯಲ್ಲಿ ಸಾಧ್ಯವಾದಷ್ಟೂ ಅದೇ ಆವೃತ್ತಿಯನ್ನು ಹಾಕಿ, ನಿಲ್ಲಿಸಿ, ಪುಸ್ತಕವನ್ನು ಸ್ವಸ್ಥಾನದಲ್ಲಿಟ್ಟು, ಆ ಮೇಲೆ ಓಡಿಸಿ. ಇಲ್ಲೊಂದು ಸೂಕ್ಷ್ಮವಿದೆ. ಲಿನಕ್ಸಿನಲ್ಲಿ ಸರ್ವರಿಗೆ ತನ್ನದೇ ಬಳಕೆದಾರ ಹೆಸರಿರುತ್ತದೆ. ಹಿಂದಿರುಗಿಸಿದ ಫೋಲ್ಡರಿನ ಒಡೆತನವನ್ನು ಅದರ ಹೆಸರಿಗೆ ಮಾಡಿಕೊಡದಿದ್ದರೆ ತನ್ನ ಪುಸ್ತಕವನ್ನು ತಾನೇ ಓದಲಾರದೆ ಕೂತುಬಿಡುತ್ತದೆ. ಹೊರಗಿನ ಡಿಸ್ಕಿನ ವಿಳಾಸವೂ ಹಿಂದಿನದೇ ಆಗಿರಬೇಕು. ಡಿಸ್ಕಿನ ಯುಯುಐಡಿ ಎಂಬ ಕಾಯಂ ಗುರುತನ್ನು ‘ಎಫ್‌ಸ್ಟ್ಯಾಬ್’ ಫೈಲಿನಲ್ಲಿ ಬರೆದಿಟ್ಟರೆ ಪ್ರತಿ ಸಲವೂ ಅದು ಅದೇ ಜಾಗಕ್ಕೆ ಬಂದು ಕೂರುತ್ತದೆ. ಆ ಫೈಲೂ ಕಾರ್ಡಿನಲ್ಲಿಯೇ ಇರುವುದರಿಂದ ಅದರದ್ದೊಂದು ಪ್ರತಿ ಬೇಕು.

ಇಷ್ಟೆಲ್ಲ ತಲೆನೋವು ಬೇಡವೆನ್ನುವವರಿಗೆ ನನ್ನ ಸಲಹೆ: ಹೊಸ ಕಾರ್ಡು ಕೊಂಡು ಅದರಲ್ಲಿ ಹೊಸ ವ್ಯವಸ್ಥೆ ಹಾಕಿ, ಹಳೆಯ ಕಾರ್ಡನ್ನು ಹಾಗೆಯೇ ಪೆಟ್ಟಿಗೆಯಲ್ಲಿಡಿ. ಕೆಲವು ನೂರು ರೂಪಾಯಿ ಉಳಿಸಲು ಹೋಗಿ ನಾನು ಕೆಟ್ಟದ್ದು.

ಹೆಸರನ್ನು ಹಾಡಿನೊಳಗೇ ಬರೆಯುವುದು ಇನ್ನೂ ಒಳ್ಳೆಯದು. ಎಂಪಿತ್ರೀ ಫೈಲಿನಲ್ಲಿ ಅದಕ್ಕೆಂದೇ ಒಂದು ಚೀಟಿಯ ಜಾಗವಿದೆ. ಮೊದಲ ಕಾಲದ ಚೀಟಿಯಲ್ಲಿ ಹೆಸರಿಗೆ 30 ಅಕ್ಷರದ ಜಾಗ, ಅದೂ ರೋಮನ್ ಲಿಪಿಗೆ. ಎರಡನೆಯ ಬಗೆಯ ಚೀಟಿ ಯೂನಿಕೋಡನ್ನು ಬಲ್ಲದು. ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು. ಕಿಡ್‌ತ್ರೀ ಎಂಬ ತಂತ್ರಾಂಶ ಈ ಕೆಲಸವನ್ನು ಮಾಡಿಕೊಡುತ್ತದೆ. ಹಾಗೆ ಬರೆದ ಹೆಸರು ಹಾಡಿನೊಡನೆಯೇ ಪ್ರಯಾಣ ಮಾಡುತ್ತದೆ; ಯಾವ ಸರ್ವರು ಬಂದರೂ ಓದಿಕೊಳ್ಳುತ್ತದೆ.

ನನ್ನ ಕಥೆ ಏನಾಯಿತೆಂದರೆ, ಅತ್ತೆ ಹೇಳುತ್ತಿದ್ದಾಗ ಪಕ್ಕದಲ್ಲಿದ್ದ ಮಗಳು ತನ್ನ ರಫ್ ನೋಟುಬುಕ್ಕಿನಲ್ಲಿ ಅವನ್ನೆಲ್ಲ ಗೀಚಿಕೊಂಡಿದ್ದಳು. 23ನೆಯ ಹಾಡಿಗೆ ಅವಳಿಗೆ ಬೇಸರ ಬಂತು. ಆ 23 ಈಗ ಹಾಡಿನೊಳಗೇ ಸೇರಿವೆ. ಉಳಿದ 18ಕ್ಕೆ ಹೆಸರಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಹಿರಿಯ ಹೆಂಗಸರು ನಮ್ಮ ಸದಸ್ಯ ಕುಟುಂಬಗಳಲ್ಲಿದ್ದಾರೆ. ಮುಂದಿನ ಸಭೆಗೆ ಆ 18 ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ತರುತ್ತೇನೆ. ದಯವಿಟ್ಟು ಕೇಳಿ, ಯಾವ ಶಾಸ್ತ್ರದ ಹಾಡೆಂದಾದರೂ ಹೇಳಿ. ಒಂದರಲ್ಲಿ ಹಾಡಿನ ನಡುವೆ ಯಾರೋ ಕೆಮ್ಮಿ, “ಆರತಿ ತಟ್ಟೆ ಎಲ್ಲಿ?” ಎಂದು ಕೇಳುತ್ತಾರೆ. ಅದು ಆಯಿಯ ದನಿಯೆಂದು ನನಗೆ ಅನ್ನಿಸುತ್ತದೆ. ಅಕ್ಕ ಫೋನಿನಲ್ಲಿ ಕೇಳಿ ಅಲ್ಲವೆನ್ನುತ್ತಾಳೆ. ಆದರೆ ಮದುಮಗಳಿಗೆ ಅವತ್ತು ಹಾಡಿನ ಮೇಲೆ ಎಷ್ಟು ಗಮನವಿದ್ದೀತು?