ಗುರ್ತಿನೋರು ಇಲ್ದೋರು ಎಲ್ಲಿಗೆ ಹೋಗ್ಬೇಕು?

ಮೊನ್ನೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನ ಮಗ ಕೇಳಿದ, "ಅಣ್ಣಾ, ಬೆಂಗ್ಳೂರಿಗೆ ಬರ್ದೆ ಇಲ್ಲೇ ಏನಾದ್ರೂ ಕೆಲ್ಸ ಸಿಗುತ್ತಾ?" ಬಿ.ಕಾಂ ಮುಗಿಸಿದಾನೆ, ಟ್ಯಾಲಿ ಬರುತ್ತೆ. ನನ್ನ ಹತ್ರ ಉತ್ತರ ಇರಲಿಲ್ಲ.

ಕೆಲಸವೇ ಇಲ್ಲ ಅಂತೇನಿಲ್ಲ. ಕಡೂರಲ್ಲಿ ತೆಂಗು, ತರೀಕೆರೆಯಲ್ಲಿ ಅಡಿಕೆ, ಅಜ್ಜಂಪುರದಲ್ಲಿ ಈರುಳ್ಳಿ... ಇಷ್ಟು ವ್ಯಾಪಾರ ಇರೋ ಕಡೆ ಲೆಕ್ಕ ಬರೆಯೋರು, ಜಿಎಸ್‌ಟಿ ಬಿಲ್ ಮಾಡೋರು ಬೇಕೇ ಬೇಕು. ಆದ್ರೆ ಅದಕ್ಕೆ ಜಾಹೀರಾತು ಬರಲ್ಲ. "ನಮ್ಮೋರ ಪೈಕಿ ಯಾರಾದ್ರೂ ಹುಡುಗ ಇದ್ರೆ ಹೇಳ್ರಪ್ಪಾ" ಅಂತಾರೆ ಸಾಹುಕಾರರು. ಮದುವೆ ಊಟದ ಪಂಕ್ತಿಯಲ್ಲೇ ಇಂಟರ್‌ವ್ಯೂ ಮುಗಿದಿರುತ್ತೆ! ನಮ್ಮ ಚಿಕ್ಕಪ್ಪನಿಗೆ ಮಂಡಿಯಲ್ಲಿ ಯಾರ ಗುರ್ತೂ ಇಲ್ಲ.

ಇದು ತಪ್ಪು ಅನ್ನಲ್ಲ. ಗಲ್ಲಾಪೆಟ್ಟಿಗೆ ಬೀಗದಕೈ ಕೊಡೋರಿಗೆ ನಂಬಿಕೆ ಬೇಕು. ನನ್ನ ಮೊದಲ ಕೆಲಸವೂ ಕಾಲೇಜಿನ ಸೀನಿಯರ್ ಒಬ್ಬರ ರೆಫರಲ್‌ನಿಂದಲೇ ಸಿಕ್ಕಿದ್ದು. ಆದರೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಒಂದು ಮಾತು ತೋರಿಸಿಕೊಟ್ಟಿದ್ದರು. ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ಹತ್ತಿರದವರಲ್ಲ, ಅಪರೂಪಕ್ಕೆ ಸಿಗೋರು. ನಮ್ಮೋರಿಗೆ ಗೊತ್ತಿರೋದು ನಮಗೂ ಗೊತ್ತಿರುತ್ತಲ್ಲ!

ಮಂಡಿಯವರಿಗೆ ನನ್ನದೊಂದೇ ಕೋರಿಕೆ. ನಮ್ಮೋರಿಗೆ ಹೇಳಿ, ಜೊತೆಗೆ ಅಂಗಡಿ ಮುಂದೆ ಒಂದು ಬೋರ್ಡೂ ಹಾಕಿ. ಗುರ್ತಿಲ್ಲದ ಹುಡುಗ ಬಂದ್ರೆ ಸಂಬಳ ಕೊಟ್ಟು ಒಂದು ತಿಂಗಳು ನೋಡಿ. ಇಲ್ಲಾಂದ್ರೆ ಅವನೂ ಬೀರೂರಲ್ಲಿ ರೈಲು ಹತ್ತುತ್ತಾನೆ, ನನ್ನ ಹಾಗೆ. ಹತ್ತಿದೋರು ವಾಪಸ್ ಬರೋದು ಹಬ್ಬಕ್ಕೆ ಮಾತ್ರ.

ಏನಂತೀರಾ?